ಮೆಕ್ಸಿಕೊದ ತಂಡ ನಿಮ್ಮ ಕೈಗೆ ಬಂದರೆ

ನಾನು ಧಾರವಾಡದವಳು. ಪುಣೆಯ ಹಿಂಜೆವಾಡಿಯಲ್ಲಿ ಕೂತು ಮೆಕ್ಸಿಕೊದ ಗ್ವಾದಲಹಾರಾದಲ್ಲಿರುವ 11 ಜನರ ತಂಡ ನೋಡಿಕೊಳ್ಳುತ್ತೇನೆ. ನಿಮಗೂ ಇಂಥ ಹೊಣೆ ಬಂದರೆ ಮೊದಲು 'ಹಿಸ್ಪಾನಿಕ್' ಅನ್ನೋ ಪದ ಬದಿಗಿಡಿ. ಸ್ಪ್ಯಾನಿಷ್ ಮಾತಾಡುವ ನಾಡುಗಳ ಮೂಲದವರಿಗೆಲ್ಲ ಒಟ್ಟಾಗಿ ಅಂಟಿಸುವ, ಅಮೆರಿಕದ ಜನಗಣತಿಯಿಂದ ರೂಢಿಗೆ ಬಂದ ಹಣೆಪಟ್ಟಿ ಅದು. ನನ್ನವರಲ್ಲಿ ಒಂಬತ್ತು ಜನ ಮೆಕ್ಸಿಕೊದವರು, ಇಬ್ಬರು ಕೊಲಂಬಿಯಾದವರು, ಹಾಗೇ ಹೇಳಿಕೊಳ್ಳುತ್ತಾರೆ. ಇಲ್ಲಿ ನಮ್ಮನ್ನೆಲ್ಲ 'ಮದ್ರಾಸಿ' ಅಂದಾಗ ಆಗುವ ಕಸಿವಿಸಿ ನೆನೆಸಿಕೊಳ್ಳಿ.

ಹೆಸರು ಸರಿಯಾಗಿ ಕರೆಯಿರಿ. ಅವರಿಗೆ ಎರಡು ಅಡ್ಡಹೆಸರು: ಸಾಮಾನ್ಯವಾಗಿ ಮೊದಲನೆಯದು ತಂದೆಯದು, ಎರಡನೆಯದು ತಾಯಿಯದು. ಸ್ಪೇನ್‌ನಲ್ಲೂ ಇದೇ ಪದ್ಧತಿ. ಟೆನಿಸ್‌ನ ರಫೇಲ್ ನಡಾಲ್ ಪರೇರಾ ನಮಗೆಲ್ಲ ನಡಾಲ್, ಪರೇರಾ ಅಲ್ಲ.

ಇನ್ನು ಮೀಟಿಂಗು. ನಮಗೆ ರಾತ್ರಿ ಎಂಟೂವರೆ ಆದಾಗ ಅವರಿಗೆ ಬೆಳಿಗ್ಗೆ ಒಂಬತ್ತು. ಮೊದಲ ವಾರ ನಾನು ಬಂದವಳೇ ಬಾಕಿ ಕೆಲಸದ ಪಟ್ಟಿ ತೆರೆದೆ. ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ತಂಡದ ಹಿರಿಯರೊಬ್ಬರು ಬೇರೆಯಾಗಿ ಫೋನ್ ಮಾಡಿ, "ನೀವು ನಮಗೆ ಶುಭೋದಯ ಕೂಡ ಹೇಳಲಿಲ್ಲ" ಅಂದರು. ನನಗೆ ನಿಜಕ್ಕೂ ನಾಚಿಕೆಯಾಯಿತು. ನಮ್ಮ ಮನೆಗೆ ಬಂದವರನ್ನು "ಊಟ ಆತೇನ್ರಿ" ಅಂತ ಕೇಳದೆ ನಾವು ಮಾತಿಗಿಳಿಯುತ್ತೇವೆಯೇ? ಈಗ ಮೊದಲ ಐದು ನಿಮಿಷ ಮಕ್ಕಳು, ಅಮ್ಮನ ಆರೋಗ್ಯ, ಫುಟ್‌ಬಾಲ್. ತಪ್ಪು ತಿದ್ದುವುದಿದ್ದರೆ ಎಲ್ಲರೆದುರು ಬೇಡ, ಒಬ್ಬರನ್ನೇ ಕರೆದು ಹೇಳಿ. 'ಅಓರಿತಾ' ಅಂದರೆ ಈಗಲೇ ಅಂತಲೂ ಆಗಬಹುದು, ಸ್ವಲ್ಪ ಹೊತ್ತಾಗಲಿ ಅಂತಲೂ ಆಗಬಹುದು, "ಎಷ್ಟು ಗಂಟೆಗೆ?" ಅಂತ ಮೆಲ್ಲಗೆ ಕೇಳಿ. ಸ್ಪ್ಯಾನಿಷ್ ಕಲಿಯುವಿರಾದರೆ ಹಿರಿಯರಿಗೆ 'ಉಸ್ತೆದ್' ಬಳಸಿ, ಅದು ನಮ್ಮ 'ನೀವು'. 'ತು' ಅಂದರೆ 'ನೀನು', ಹಾಗೆ ಕರೆಯಿರಿ ಅಂತ ಅವರೇ ಹೇಳಲಿ.

ದುಡ್ಡಿನ ವಿಷಯದಲ್ಲಿ ಒಂದು ದಿನವೂ ತಡಮಾಡಬೇಡಿ. ಅಗಿನಾಲ್ದೊ ಅನ್ನುವ ವರ್ಷಾಂತ್ಯದ ಬೋನಸ್ ಅಲ್ಲಿ ಕಾನೂನಿನ ಹಕ್ಕು: ವರ್ಷವಿಡೀ ದುಡಿದವರಿಗೆ ಕನಿಷ್ಠ 15 ದಿನದ ಸಂಬಳ, ಡಿಸೆಂಬರ್ 20ರೊಳಗೆ.

ನವೆಂಬರ್ 1 ಮತ್ತು 2 ಸತ್ತವರನ್ನು ನೆನೆಯುವ ದಿನಗಳು, ನಮ್ಮ ಮಹಾಲಯ ಅಮಾವಾಸ್ಯೆಯ ಹಾಗೆ. ಕಾನೂನಿನ ಕಡ್ಡಾಯ ರಜೆಯಲ್ಲ, ಆದ್ದರಿಂದ ಅವರು ಕೇಳುವ ಮೊದಲೇ ನೀವು ಕೊಡಿ. ಮನೆಯಲ್ಲಿ ಹಿರಿಯರ ಫೋಟೊ ಇಟ್ಟು ಚೆಂಡುಹೂವಿನಿಂದ ಸಿಂಗರಿಸುತ್ತಾರೆ. ನಾವು ದಸರೆಗೆ ಬಾಗಿಲಿಗೆ ಕಟ್ಟುವ ಆ ಹೂವಿನ ಮೂಲ ಮೆಕ್ಸಿಕೊ ಕಡೆಯದೇ. ಯಾರಾದರೂ ಕ್ಯಾಮೆರಾ ತಿರುಗಿಸಿ ಆ ಫೋಟೊ ತೋರಿಸಿದರೆ ಯಾರದೆಂದು ಕೇಳಿ. ಅವರ ಅಜ್ಜಿಯ ಕಥೆ ಮುಗಿಯುವವರೆಗೆ ಎಕ್ಸೆಲ್ ತೆರೆಯಬೇಡಿ.