‘ರೊಟೇಟ್’ ಕ್ರಿಯಾಪದವನ್ನು ಸರಿಯಾಗಿ ಬಳಸುವುದು ಹೇಗೆ?

ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರದ ರೆಕ್ಕೆಗಳು ತಿರುಗುತ್ತವೆ, ಕೆಲಸವಿಲ್ಲದವರು ಊರೆಲ್ಲ ತಿರುಗುತ್ತಾರೆ, ಬಿಸಿಲಿಗೆ ತಲೆ ತಿರುಗುತ್ತದೆ, ಬಸ್ಸು ಎಡಕ್ಕೆ ತಿರುಗುತ್ತದೆ. ಕನ್ನಡದ ಒಂದೇ ಕ್ರಿಯಾಪದ ಇಷ್ಟನ್ನೂ ಹೇಳುವುದರಿಂದ, ಇಂಗ್ಲಿಷ್ ಬರೆಯಲು ಕುಳಿತ ವಿದ್ಯಾರ್ಥಿಗೆ ಎಲ್ಲೆಡೆಯೂ ‘ರೊಟೇಟ್’ ಸಾಕೆನಿಸುವುದು ಸಹಜ. ಆದರೆ ಆ ಪದ ಒಪ್ಪುವುದು ಮೊದಲನೆಯ ವಾಕ್ಯಕ್ಕೆ ಮಾತ್ರ. ಊರು ತಿರುಗುವುದು ‘ವಾಂಡರ್’, ತಲೆ ತಿರುಗುವುದು ‘ಫೀಲ್ ಡಿಜ್ಜಿ’, ಬಸ್ಸು ತಿರುಗುವುದು ‘ಟರ್ನ್’.

ಮೊದಲು ಅಕ್ಷ ಎಲ್ಲಿದೆ ಎಂದು ನೋಡಿಕೊಳ್ಳಬೇಕು. ವಸ್ತು ತನ್ನದೇ ಅಕ್ಷದ ಮೇಲೆ ಸುತ್ತಿದರೆ ‘ರೊಟೇಟ್’, ಬೇರೊಂದರ ಸುತ್ತ ಹೋದರೆ ‘ರಿವಾಲ್ವ್’. ಭೂಮಿ ಸುಮಾರು 23 ಗಂಟೆ 56 ನಿಮಿಷಗಳಲ್ಲಿ ಒಮ್ಮೆ ರೊಟೇಟ್ ಆಗುತ್ತದೆ. ಸೂರ್ಯನ ಸುತ್ತ ರಿವಾಲ್ವ್ ಆಗಲು ಅದಕ್ಕೆ ಸುಮಾರು 365 ದಿನ 6 ಗಂಟೆ ಬೇಕು. ವಿಜ್ಞಾನದ ಉತ್ತರಪತ್ರಿಕೆಯಲ್ಲಿ ಈ ಭೇದವನ್ನು ಬಿಡುವಂತಿಲ್ಲ. ದಿನಬಳಕೆಯ ಇಂಗ್ಲಿಷ್ ಮಾತ್ರ ಇಷ್ಟು ಕಟ್ಟುನಿಟ್ಟಾಗಿಲ್ಲ: ಕಚೇರಿಯ ತಿರುಗುವ ಕುರ್ಚಿ ತನ್ನ ಅಕ್ಷದ ಮೇಲೆಯೇ ಸುತ್ತಿದರೂ ಅದು ‘ರಿವಾಲ್ವಿಂಗ್ ಚೇರ್’. ಇಂಥವನ್ನು ಹಾಗೆಯೇ ನೆನಪಿಡುವುದು ಒಳ್ಳೆಯದು. ವೇಗವಾಗಿ ಗಿರಗಿರನೆ ಸುತ್ತುವುದಕ್ಕೆ ‘ಸ್ಪಿನ್’ ಎನ್ನುತ್ತಾರೆ. ನೂಲುವುದಕ್ಕೂ ಅದೇ ಪದವಿರುವುದರಿಂದ, ಹತ್ತಿ ಗಿರಣಿಗಳಿಂದ ಹೆಸರಾದ ದಾವಣಗೆರೆಯವರಿಗೆ ‘ಸ್ಪಿನ್ನಿಂಗ್ ಮಿಲ್’ ಹೊಸದೇನಲ್ಲ.

ಎರಡನೆಯದಾಗಿ, ತಾನೇ ತಿರುಗುತ್ತಿದೆಯೋ ಯಾರಾದರೂ ತಿರುಗಿಸುತ್ತಿದ್ದಾರೆಯೋ ಎಂಬುದನ್ನು ಗಮನಿಸಬೇಕು. ಕನ್ನಡದಲ್ಲಿ ‘ತಿರುಗು’ ಪದಕ್ಕೆ ‘ಇಸು’ ಸೇರಿಸಿ ‘ತಿರುಗಿಸು’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ರೊಟೇಟ್’ ಒಂದೇ. ‘ದಿ ವೀಲ್ ರೊಟೇಟ್ಸ್’ ಎಂಬುದೂ ಸರಿ, ‘ರೊಟೇಟ್ ದಿ ನಾಬ್’ ಎಂಬುದೂ ಸರಿ. ‘ಮೇಕ್’ ಸೇರಿಸುವ ಅಗತ್ಯವಿಲ್ಲ.

ಮೂರನೆಯದು, ಜೊತೆಗೆ ಬರುವ ಪದ. ಅಕ್ಷವನ್ನು ಹೇಳುವಾಗ ‘ರೊಟೇಟ್’ ಮುಂದೆ ‘ಆನ್’ ಅಥವಾ ‘ಅಬೌಟ್’ ಬರುತ್ತದೆ. ‘ರಿವಾಲ್ವ್’ ಜೊತೆ ‘ಅರೌಂಡ್’ ಬಂದಾಗ ಸಾಂಕೇತಿಕ ಅರ್ಥವೂ ಉಂಟು: ರೈತರ ಸಭೆಯ ಚರ್ಚೆಯೆಲ್ಲ ಭದ್ರಾ ನೀರಿನ ಸುತ್ತಲೇ ಇತ್ತು ಎನ್ನಲು ‘ರಿವಾಲ್ವ್ಡ್ ಅರೌಂಡ್’ ಬೇಕೇ ಹೊರತು ‘ರೊಟೇಟೆಡ್’ ಅಲ್ಲ.

ಕೊನೆಯ ಹೆಜ್ಜೆಗೆ ಹೆಚ್ಚು ಗಮನ ಬೇಕು, ಏಕೆಂದರೆ ಇಲ್ಲಿ ಯಾವುದೂ ಸುತ್ತುವುದಿಲ್ಲ. ಸರದಿಯಂತೆ ಬದಲಾಗುವುದೂ ‘ರೊಟೇಟ್’ ಪದದ ಅರ್ಥವೇ. ‘ರೊಟೇಟ್ ದಿ ಟೈರ್ಸ್’ ಎಂದರೆ ಚಕ್ರವನ್ನು ಗಿರಕಿ ಹೊಡೆಸುವುದಲ್ಲ, ಸಮನಾಗಿ ಸವೆಯಲೆಂದು ಟೈರುಗಳ ಸ್ಥಾನವನ್ನು ಹಿಂದುಮುಂದಾಗಿ ಬದಲಿಸುವುದು. ಮೆಕ್ಕೆಜೋಳ ಬೆಳೆದ ಹೊಲದಲ್ಲಿ ಮುಂದಿನ ಹಂಗಾಮಿಗೆ ತೊಗರಿಯನ್ನೋ ಅಲಸಂದೆಯನ್ನೋ ಬಿತ್ತಿ, ಅವುಗಳ ಬೇರುಗಂಟಿನ ಬ್ಯಾಕ್ಟೀರಿಯಾಗಳಿಂದ ಮಣ್ಣಿಗೆ ಸಾರಜನಕ ದೊರೆಯುವಂತೆ ನೋಡಿಕೊಳ್ಳುವುದು ‘ಕ್ರಾಪ್ ರೊಟೇಷನ್’. ಇದನ್ನು ವಾಕ್ಯವಾಗಿಸುವಾಗ ‘ವಿ ರೊಟೇಟ್ ಮೇಜ್ ವಿತ್ ಪಲ್ಸಸ್’ ಎಂದು ‘ವಿತ್’ ಬಳಸಬೇಕು. ಕಾರ್ಖಾನೆಯ ಪಾಳಿಗಳು ಸರದಿಯಂತೆ ಬದಲಾಗುವುದನ್ನು ಹೇಳಲು ಮಾತ್ರ ‘ದಿ ಶಿಫ್ಟ್ಸ್ ರೊಟೇಟ್’ ಎಂದರೆ ಸಾಕು, ಮುಂದೆ ಬೇರೆ ಪದ ಬೇಡ.