ಸ್ಕ್ರಿಪ್ಟ್ ಒಳಗೆ ಪಾಸ್‌ವರ್ಡ್ ಬರೀಬೇಡಿ, ಬೇರೆ ಫೈಲಲ್ಲಿಟ್ಟು ಓದಿಸಿ

ಒಂದು ಉದಾಹರಣೆ ಇಟ್ಕೊಂಡೇ ಹೇಳ್ತೀನಿ. ಮೂಡಿಗೆರೆ, ಆಲ್ದೂರು ಕಡೆ ಮೂರ್ನಾಲ್ಕು ತೋಟ ಇದೆ, ರೈಟ್ರು (ತೋಟದ ಲೆಕ್ಕ ಬರೆಯೋರು) ದಿನಾ ಮಳೆ ಎಷ್ಟು ಇಂಚು ಎಷ್ಟು ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಅಂತ ಕಳಿಸ್ತಾರೆ, ಚಿಕ್ಕಮಗಳೂರು ಆಫೀಸಲ್ಲಿರೋ ಕಂಪ್ಯೂಟರಲ್ಲಿ ಒಂದು ಪೈಥಾನ್ ಸ್ಕ್ರಿಪ್ಟ್ ಅದನ್ನೆಲ್ಲ ಒಟ್ಟು ಮಾಡಿ ಬೆಳಿಗ್ಗೆ ಓನರ್‌ಗೆ ಜಿಮೇಲಿಂದ ಮೇಲ್ ಹಾಕತ್ತೆ. ಮೇಲ್ ಹೋಗ್ಬೇಕಂದ್ರೆ ಲಾಗಿನ್ ಬೇಕಲ್ಲ, ಅದನ್ನ ಸುಮಾರು ಜನ ಸ್ಕ್ರಿಪ್ಟ್ ಒಳಗೇ ಬರೆದುಬಿಡ್ತಾರೆ. ಆಮೇಲೆ ಪಕ್ಕದ ತೋಟದವರು "ನಮಗೂ ಆ ಪ್ರೋಗ್ರಾಂ ಕೊಡ್ರಿ" ಅಂತ ಕೇಳ್ತಾರೆ, ಪೆನ್‌ಡ್ರೈವಲ್ಲಿ ಹಾಕ್ಕೊಟ್ರೆ ಪಾಸ್‌ವರ್ಡೂ ಜೊತೆಗೇ ಹೋಯ್ತು. ಸ್ಕ್ರಿಪ್ಟ್ ಯಾರ ಕೈಗೆ ಬೇಕಾದ್ರೂ ಹೋಗ್ಲಿ, ಪಾಸ್‌ವರ್ಡ್ ಮಾತ್ರ ಇದ್ದಲ್ಲೇ ಇರ್ಬೇಕು, ಇಷ್ಟೇ ವಿಷ್ಯ.

ಮೊದ್ಲು ಗೂಗಲ್ ಕಡೆ ಕೆಲಸ ಮುಗಿಸಿ. 2022ರ ಮೇ ಕೊನೆಯಿಂದ ಮಾಮೂಲಿ ಜಿಮೇಲ್ ಪಾಸ್‌ವರ್ಡ್ ಕೊಟ್ಟು ಸ್ಕ್ರಿಪ್ಟಿಂದ ಲಾಗಿನ್ ಆಗೋಕೆ ಬಿಡಲ್ಲ. ಅಕೌಂಟಲ್ಲಿ ಟೂ ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ ಆಪ್ ಪಾಸ್‌ವರ್ಡ್ ಅಂತ ಒಂದು ಮಾಡ್ಕೊಳ್ಳಿ, 16 ಅಕ್ಷರದ್ದು ಬರತ್ತೆ. ಇದು ನಿಜಕ್ಕೂ ಒಳ್ಳೇದು, ಯಾಕಂದ್ರೆ ಏನಾದ್ರೂ ಆಚೆ ಹೋದ್ರೆ ಅದೊಂದನ್ನೇ ಡಿಲೀಟ್ ಮಾಡಬಹುದು, ಮೇನ್ ಪಾಸ್‌ವರ್ಡ್ ಮುಟ್ಟಬೇಕಿಲ್ಲ.

ಈಗ ಫೈಲ್. ಸ್ಕ್ರಿಪ್ಟ್ ಇರೋ ಫೋಲ್ಡರಲ್ಲಿ ಇಡಬೇಡಿ, ನಿಮ್ಮ ಹೋಮ್ ಫೋಲ್ಡರಲ್ಲಿ ಇಡಿ, ಆಗ ಸ್ಕ್ರಿಪ್ಟ್ ಫೋಲ್ಡರ್ ಪೂರ್ತಿ ಕಾಪಿ ಮಾಡಿದ್ರೂ ಇದು ಹೋಗಲ್ಲ. ಒಳಗೆ ಇಷ್ಟು ಬರೀರಿ:

[ಮೇಲ್]
ಯೂಸರ್ = ತೋಟದ ಮೇಲ್ ಐಡಿ
ಪಾಸ್ = ಆ 16 ಅಕ್ಷರ

ಹೆಸರುಗಳು ಕನ್ನಡದಲ್ಲೇ ಇದ್ರೂ ಪೈಥಾನ್ 3 ಓದತ್ತೆ, ಎನ್‌ಕೋಡಿಂಗ್ ಯುಟಿಎಫ್-8 ಅಂತ ಹೇಳ್ಬೇಕು ಅಷ್ಟೆ. ಓದೋಕೆ ಪೈಥಾನ್ ಜೊತೇಲೇ ಬರೋ ಕಾನ್ಫಿಗ್‌ಪಾರ್ಸರ್ (configparser) ಅನ್ನೋ ಮಾಡ್ಯೂಲ್ ಸಾಕು, ಏನೂ ಇನ್‌ಸ್ಟಾಲ್ ಮಾಡೋದು ಬೇಡ. ಅದನ್ನ ಇಂಪೋರ್ಟ್ ಮಾಡಿ, ಒಂದು ಪಾರ್ಸರ್ ಮಾಡ್ಕೊಂಡು, ರೀಡ್‌ಗೆ ಫೈಲಿನ ಪಾತ್ (ಅದು ಯಾವ ಫೋಲ್ಡರಲ್ಲಿದೆ ಅನ್ನೋ ವಿಳಾಸ), ಎನ್‌ಕೋಡಿಂಗ್ ಎರಡೂ ಕೊಡಿ, ಆಮೇಲೆ ಮೇಲ್ ಅನ್ನೋ ಸೆಕ್ಷನ್ನಿಂದ ಯೂಸರ್, ಪಾಸ್ ಎರಡೂ ತಗೊಳ್ಳಿ.

ಇಲ್ಲಿ ಮೂರು ಕಡೆ ಜನ ಸಿಕ್ಕಾಕ್ಕೊಳ್ತಾರೆ, ಸ್ವಲ್ಪ ನಿಧಾನಕ್ಕೆ ಓದಿ. ಒಂದು, ಫೈಲ್ ಸಿಗಲಿಲ್ಲ ಅಂದ್ರೆ ರೀಡ್ ಏನೂ ಎರರ್ ಕೊಡಲ್ಲ, ಸುಮ್ನೆ ಮುಂದೆ ಹೋಗತ್ತೆ, ಆಮೇಲೆ ಎಲ್ಲೋ ಸೆಕ್ಷನ್ ಇಲ್ಲ ಅಂತ ಬಂದು ನಿಲ್ಲತ್ತೆ, ನೀವು ಫೈಲ್ ಒಳಗೆ ತಪ್ಪು ಹುಡುಕ್ತಾ ಕೂತಿರ್ತೀರಾ. ಯಾವ ಫೈಲ್ ಓದಿದೆ ಅನ್ನೋ ಲಿಸ್ಟ್ ರೀಡ್ ವಾಪಸ್ ಕೊಡತ್ತೆ, ಅದು ಖಾಲಿ ಇದ್ರೆ ಅಲ್ಲೇ ನಿಲ್ಸಿಬಿಡಿ. ಕ್ರಾನಲ್ಲಿ (ಹೇಳಿದ ಹೊತ್ತಿಗೆ ಪ್ರೋಗ್ರಾಂನ ತಾನಾಗೇ ಓಡ್ಸೋ ಲಿನಕ್ಸ್ ವ್ಯವಸ್ಥೆ) ಹಾಕಿದಾಗ ಇದು ಜಾಸ್ತಿ ಆಗೋದು, ಕೈಯಲ್ಲಿ ರನ್ ಮಾಡಿದ್ರೆ ಸರಿ ಇರತ್ತೆ ಬೆಳಿಗ್ಗೆ ತಾನಾಗೇ ರನ್ ಆದಾಗ ಫೈಲ್ ಸಿಗಲ್ಲ, ಯಾಕಂದ್ರೆ ಕ್ರಾನ್ ನಿಮ್ಮ ಸ್ಕ್ರಿಪ್ಟ್ ಫೋಲ್ಡರಲ್ಲಿ ನಿಂತು ಓಡ್ಸಲ್ಲ, ಆ ಫೋಲ್ಡರಿಂದ ಲೆಕ್ಕ ಹಾಕಿ ಕೊಟ್ಟ ಅರ್ಧ ಪಾತ್ ಅಲ್ಲಿ ಕೆಲಸ ಮಾಡಲ್ಲ, ಹಾಗಾಗಿ ಯಾವಾಗ್ಲೂ ಪೂರ್ತಿ ಪಾತ್ ಕೊಡಿ. ಎರಡು, ಬೇರೆ ಯಾವ್ದಾದ್ರೂ ಸೈಟಿನ ಪಾಸ್‌ವರ್ಡಲ್ಲಿ ಪರ್ಸೆಂಟ್ ಗುರುತು ಇದ್ರೆ ಕಾನ್ಫಿಗ್‌ಪಾರ್ಸರ್ ಅದಕ್ಕೆ ಬೇರೆ ಅರ್ಥ ಮಾಡ್ಕೊಂಡು ಎರರ್ ಹೊಡೆಯತ್ತೆ, ಪಾರ್ಸರ್ ಮಾಡುವಾಗ್ಲೇ ಇಂಟರ್‌ಪೊಲೇಶನ್ ನನ್ (interpolation=None) ಅಂತ ಕೊಟ್ಬಿಡಿ. ಮೂರು, ಹಳೇ ನೋಟ್‌ಪ್ಯಾಡಲ್ಲಿ ಯುಟಿಎಫ್-8 ಅಂತ ಸೇವ್ ಮಾಡಿದ್ರೆ ಫೈಲಿನ ಮೊದಲಲ್ಲಿ ಕಣ್ಣಿಗೆ ಕಾಣದ 3 ಬೈಟ್ ಸೇರ್ಕೊಳತ್ತೆ, ಆಗ ಮೊದಲ್ನೇ ಲೈನೇ ಸರಿ ಇಲ್ಲ ಅನ್ನತ್ತೆ, ಎನ್‌ಕೋಡಿಂಗನ್ನ ಯುಟಿಎಫ್-8-ಸಿಗ್ (utf-8-sig) ಅಂತ ಕೊಟ್ರೆ ಆ ಬೈಟ್ ಇದ್ರೂ ಇಲ್ದಿದ್ರೂ ಓದತ್ತೆ.

ಲಿನಕ್ಸ್ ಆದ್ರೆ ಫೈಲಿಗೆ ಚ್‌ಮಾಡ್ 600 (chmod 600) ಅನ್ನೋ ಕಮಾಂಡ್ ಕೊಡಿ, ನೀವು ಬಿಟ್ಟು ಆ ಕಂಪ್ಯೂಟರಿನ ಬೇರೆ ಯೂಸರ್ ಯಾರೂ ತೆಗೆಯಕ್ಕಾಗಲ್ಲ, ರೂಟ್ ಅನ್ನೋ ಅಡ್ಮಿನ್ ಯೂಸರ್ ಒಂದು ಬಿಟ್ಟು. ವಿಂಡೋಸಲ್ಲಿ ಒಬ್ಬೊಬ್ರಿಗೂ ಬೇರೆ ಬೇರೆ ಲಾಗಿನ್ ಮಾಡ್ಕೊಡಿ. ಆಫೀಸಲ್ಲಿ ಎಲ್ರೂ ಒಂದೇ ಲಾಗಿನಲ್ಲಿ ಕೂತ್ಕೊಂಡ್ರೆ ಫೈಲ್ ಎಲ್ಲಿಟ್ರೂ ಅಷ್ಟೆ.

ಕೆಲವರು ಪಾಸ್‌ವರ್ಡನ್ನ ಬೇಸ್64 (ಅಕ್ಷರಗಳನ್ನ ಬೇರೆ ರೂಪದಲ್ಲಿ ಬರೆಯೋ ರೀತಿ) ಮಾಡಿ ಇಡ್ತಾರೆ, ಅದು ಬೀಗ ಹಾಕಿ ಕೀಲೀನ ಅದ್ರಲ್ಲೇ ಬಿಟ್ಟು ಹೋದಂಗೆ, ಯಾರು ಬೇಕಾದ್ರೂ ಒಂದೇ ಲೈನಲ್ಲಿ ಬಿಡಿಸ್ತಾರೆ. ಫೈಲಲ್ಲಿರೋದು ಬರೀ ಟೆಕ್ಸ್ಟ್ ಅಂತ ಗೊತ್ತಿದ್ದು ಪರ್ಮಿಶನ್ ಸರಿಯಾಗಿ ಇಡೋದೇ ಮೇಲು. ಸ್ಕ್ರಿಪ್ಟ್ ಓಡ್ಸುವಾಗ ಕಮಾಂಡ್ ಜೊತೆ ಪಾಸ್‌ವರ್ಡ್ ಟೈಪ್ ಮಾಡೋದೂ ಬೇಡ, ಅದು ಹಿಸ್ಟರಿಯಲ್ಲಿ ಉಳಿಯತ್ತೆ, ಓಡ್ತಿರೋ ಪ್ರೋಸೆಸ್ ಲಿಸ್ಟಲ್ಲೂ ಕಾಣತ್ತೆ.

ಗಿಟ್ (ಸ್ಕ್ರಿಪ್ಟಿನ ಒಂದೊಂದು ಬದಲಾವಣೆನೂ ಕಮಿಟ್ ಅಂತ ದಾಖಲಿಸಿ ಇಡೋ ಪ್ರೋಗ್ರಾಂ) ಬಳಸ್ತಿದ್ರೆ, ಫೈಲ್ ಸ್ಕ್ರಿಪ್ಟ್ ಫೋಲ್ಡರ್ ಒಳಗೇ ಇರ್ಲೇಬೇಕು ಅಂದ್ರೆ ಮೊದಲ್ನೇ ಕಮಿಟ್‌ಗೆ ಮುಂಚೆನೇ ಅದರ ಹೆಸರು ಗಿಟ್‌ಇಗ್ನೋರಲ್ಲಿ (ಯಾವ ಫೈಲ್ ದಾಖಲಿಸಬಾರದು ಅನ್ನೋ ಪಟ್ಟಿ, .gitignore) ಸೇರಿಸಿ. ಆಗಲೇ ಪುಶ್ ಆಗಿದ್ರೆ (ಅಂದ್ರೆ ಸರ್ವರ್‌ಗೆ ಹೋಗಿದ್ರೆ) ಫೈಲ್ ಡಿಲೀಟ್ ಮಾಡಿ ಇನ್ನೊಂದು ಕಮಿಟ್ ಹಾಕಿದ್ರೆ ಸಾಲಲ್ಲ, ಹಳೇ ಕಮಿಟಲ್ಲಿ ಇದ್ದೇ ಇರತ್ತೆ. ಮೊದ್ಲು ಆ ಆಪ್ ಪಾಸ್‌ವರ್ಡ್ ರದ್ದು ಮಾಡಿ ಹೊಸದು ತಗೊಳ್ಳಿ, ಹಿಸ್ಟರಿ ಕ್ಲೀನ್ ಮಾಡೋದು ಆಮೇಲೆ ನೋಡ್ಕೊಳ್ಳಿ.

ಸರಿಯಾಗಿ ಓದಿದ್ಯಾ ಅಂತ ಚೆಕ್ ಮಾಡೋಕೆ ಪಾಸ್‌ವರ್ಡ್ ಪ್ರಿಂಟ್ ಮಾಡ್ಬೇಡಿ, ಲಾಗ್ ಫೈಲಲ್ಲಿ ಕೂತ್ಕೊಳತ್ತೆ. ಅದರ ಉದ್ದ ಮಾತ್ರ ಪ್ರಿಂಟ್ ಮಾಡಿ. 16 ಬಂದ್ರೆ ಸರಿ, 19 ಬಂದ್ರೆ ಗೂಗಲ್ ನಾಲ್ಕು ನಾಲ್ಕು ಅಕ್ಷರದ ಮಧ್ಯ ಬಿಟ್ಟು ತೋರ್ಸೋ ಸ್ಪೇಸೂ ಕಾಪಿ ಆಗಿದೆ, ಅದನ್ನ ತೆಗೆದು ಸೇವ್ ಮಾಡಿ.