ಸಂಶಯದವರ ಗುಂಪು ಚಿಕಿತ್ಸೆ ಕೈಹಿಡಿದದ್ದು ನಾಲ್ಕನೇ ಬ್ಯಾಚಿಗೆ

ಸಂಗಾತಿಯ ಮೇಲೆ ಅತಿಯಾಗಿ ಸಂಶಯಪಡುವವರನ್ನು ಒಂದೇ ಕೋಣೆಯಲ್ಲಿ ಕೂರಿಸಿದರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ ಎಂದು ಜೊತೆಯ ಕೌನ್ಸೆಲರ್‌ಗಳು ಹೇಳಿದ್ದರು. ಮೊದಲ ಬ್ಯಾಚಿನಲ್ಲಿ ಆಗಿದ್ದೂ ಅದೇ. ಫೋನ್ ಲಾಕ್ ತೆಗೆಯುವುದು, ಲೊಕೇಶನ್ ಹಿಡಿಯುವುದು ಎಲ್ಲವನ್ನೂ ಒಬ್ಬರಿಂದೊಬ್ಬರು ಕಲಿತರು. ಈಗಿನ ನಿಯಮ: ಎಷ್ಟು ಸಲ ಚೆಕ್ ಮಾಡಿದಿರಿ, ಆಗ ಮೈಯಲ್ಲಿ ಏನಾಯಿತು, ಅಷ್ಟೇ ಹೇಳಬೇಕು. ಹೇಗೆ ಪತ್ತೆ ಹಚ್ಚಿದಿರಿ ಎಂಬ ಮಾತು ಬಂದ ಕೂಡಲೇ ನಿಲ್ಲಿಸುವುದು.

ಏಳೆಂಟು ಜನ, ವಾರಕ್ಕೊಮ್ಮೆ ಒಂದೂವರೆ ಗಂಟೆ, 12 ವಾರ. ಜೋಡಿಗಳನ್ನು ಒಂದೇ ಗುಂಪಿಗೆ ಹಾಕಲ್ಲ. ಸೇರಿಸುವ ಮುಂಚೆ ಸಂಗಾತಿಯನ್ನು ಬೇರೆಯಾಗಿ ಕರೆದು ಮನೆಯಲ್ಲಿ ಹೆದರಿಕೆ ಇದೆಯೇ ಎಂದು ಕೇಳಲೇಬೇಕು. ಸಂಗಾತಿಯ ಮೇಲೆ ಕೈ ಎತ್ತಿದ್ದರೆ ಅವರ ಸುರಕ್ಷತೆ ಮೊದಲು, ಗುಂಪು ಬೇಡ. ಕುಡಿತ ಜೋರಿದ್ದರೆ, ಸಂಶಯ ಅಲುಗದ ಭ್ರಮೆಯಾಗಿದ್ದರೆ ಸೈಕಿಯಾಟ್ರಿಸ್ಟ್ ಬಳಿ ಕಳಿಸಿ. ‘ನನ್ನ ಅನುಮಾನ ತಪ್ಪೂ ಇರಬಹುದು’ ಎಂದು ಸ್ವಲ್ಪವಾದರೂ ಒಪ್ಪುವವರಿಗೇ ಇದು ಹಿಡಿಯುವುದು.

ದಿನಕ್ಕೆ 40 ಸಲ ಲಾಸ್ಟ್ ಸೀನ್ ನೋಡುವವರಿಗೆ ಪೂರ್ತಿ ಬಿಡಿ ಎಂದರೆ ಮೂರನೇ ದಿನ ದುಪ್ಪಟ್ಟು ನೋಡುತ್ತಾರೆ. ಮೊದಲ ವಾರ ಹತ್ತು ನಿಮಿಷ ತಡೆಯಲಿ, ಆಮೇಲೆ ಅರ್ಧ ಗಂಟೆ. ತಡೆದಷ್ಟು ಹೊತ್ತೂ ಐದೈದು ನಿಮಿಷಕ್ಕೆ ತಳಮಳಕ್ಕೆ 0ರಿಂದ 100ರೊಳಗೆ ಅಂಕ ಬರೆಯಬೇಕು. 80 ಇದ್ದದ್ದು ತಾನಾಗಿ 50ಕ್ಕೆ ಇಳಿದದ್ದನ್ನು ಹಾಳೆಯ ಮೇಲೆ ಕಂಡವರಿಗೆ ಧೈರ್ಯ ಬರುತ್ತದೆ. ಇಳಿಯದಿದ್ದರೆ ವಿಚಾರಿಸಿ: ಫೋನ್ ಬಿಟ್ಟು ‘ನಿಜ ಹೇಳು, ನಾನು ಬೇಕಾ?’ ಎಂದು ಸಂಗಾತಿಯನ್ನು ಕೊರೆಯುತ್ತಿರುತ್ತಾರೆ. ಅದೂ ಚೆಕ್ ಮಾಡುವುದೇ, ಲೆಕ್ಕಕ್ಕೆ ಸೇರಬೇಕು.

ಗುಂಪಿನ ನಿಜವಾದ ಬಲ ಆರನೇ ವಾರದ ಅದಲುಬದಲಿನಲ್ಲಿದೆ. ಮನೆಯಲ್ಲಿ ತಾವು ಕೇಳುವ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಡುತ್ತಾರೆ, ಪಕ್ಕದವರು ಅವನ್ನೇ ಅವರಿಗೆ ಕೇಳುತ್ತಾರೆ. ‘ಮೊನ್ನೆ ಏಳರಿಂದ ಏಳೂ ನಲವತ್ತರವರೆಗೆ ಎಲ್ಲಿದ್ದೆ?’ ತಪ್ಪು ಮಾಡದವರೂ ತಡವರಿಸುತ್ತಾರೆ. ತಡವರಿಕೆ ಸುಳ್ಳಿನ ಗುರುತಲ್ಲ ಎಂದು ನಾನು ಎಷ್ಟು ಹೇಳಿದ್ದರೂ ನಾಟದ್ದು ಅಲ್ಲಿ ಹತ್ತು ನಿಮಿಷದಲ್ಲಿ ನಾಟುತ್ತದೆ. ಇದಕ್ಕೆ ಮುಂಚೆ ಕೇಳುವ ಒಂದು ಪ್ರಶ್ನೆ ಇದೆ. ಮೊದಲೇ ತಿಳಿದರೆ ಕೆಲಸ ಮಾಡಲ್ಲ, ಹಾಗಾಗಿ ಬರೆಯುತ್ತಿಲ್ಲ.

ನಡುವೆ ವಾಟ್ಸಾಪ್ ಗುಂಪು ಮಾಡಿ ನೋಡಿದೆ. ಒಬ್ಬರ ಬ್ಲೂ ಟಿಕ್ ಇನ್ನೊಬ್ಬರು ಕಾಯತೊಡಗಿದರು, ಎರಡೇ ವಾರಕ್ಕೆ ಮುಚ್ಚಿದೆ.

ಉಚಿತವಾಗಿ ನಡೆಸಿದ ಬ್ಯಾಚಿನಲ್ಲಿ ಐದನೇ ವಾರಕ್ಕೆ ಉಳಿದವರು ಮೂವರು, ಹಾಲ್ ಬಾಡಿಗೆ ಕೈಯಿಂದ ಹೋಯಿತು. ಈಗ ಒಬ್ಬರಿಗೆ ಸಲಕ್ಕೆ ಸುಮಾರು 400 ರೂಪಾಯಿ, ನಾಲ್ಕು ವಾರದ್ದು ಮುಂಗಡ, ಕಷ್ಟದಲ್ಲಿರುವ ಒಬ್ಬರಿಗೆ ಬಿಟ್ಟಿ ಸೀಟು. ಎಂಟು ಜನರಿದ್ದರೆ ಬಾಡಿಗೆ 800, ನನ್ನ ಜೊತೆ ಗುಂಪು ನಡೆಸುವಾಕೆಗೆ 1,200 ಕೊಟ್ಟು ಸಲಕ್ಕೆ ಎಂಟುನೂರರಷ್ಟು ಉಳಿಯುತ್ತದೆ. ಕಳೆದ ಎರಡು ಬ್ಯಾಚಿನ 15 ಜನರಲ್ಲಿ ಹತ್ತು ಹನ್ನೊಂದು ಮಂದಿಯ ಚೆಕ್ಕಿಂಗ್ ಅರ್ಧಕ್ಕಿಂತ ಕೆಳಗಿಳಿದಿದೆ. ಬೇಡ ಅಂದವರೇ ಈಗ ಕೇಸ್ ಕಳಿಸುತ್ತಾರೆ. ಸಂಗಾತಿ ಹೊಸ ಕೆಲಸಕ್ಕೆ ಸೇರಿದಾಗ ಸಂಶಯ ಮತ್ತೆ ಕೆರಳುವುದುಂಟು, ಅದಕ್ಕೇ ಮೂರು ತಿಂಗಳಾದ ಮೇಲೆ ಹಳೇ ಹಾಳೆಗಳ ಸಮೇತ ಇನ್ನೊಮ್ಮೆ ಕರೆಯುತ್ತೇನೆ.